ಕರೆಂಟ್ ಹೋದ್ರೆ ಹಕ್ಕಿಗಳನ್ನ ಬೆಚ್ಚಗಿಡೋದು ಹೇಗೆ

ಎಲ್ರಿಗೂ ನಮಸ್ಕಾರ, ಡಲ್ಲಾಸ್ ಆಸ್ಟಿನ್ ಕಡೆ ಇರೋರು ದಯವಿಟ್ಟು ಪೂರ್ತಿ ಓದಿ. ಈ ವಾರ ಐಸ್ ಬೀಳೋ ಹಾಗಿದೆ, 2021ರ ಫೆಬ್ರವರಿಲಿ ಟೆಕ್ಸಾಸಲ್ಲಿ ದಿನಗಟ್ಟಲೆ ಕರೆಂಟ್ ಇಲ್ದೆ ಪಟ್ಟ ಪಾಡು ನೆನಪಿದ್ಯಲ್ಲ, ಹಂಗಾಗಿ ಈಗ್ಲೇ ರೆಡಿ ಮಾಡ್ಕೊಳ್ಳಿ. ಪಂಜರಾನ ಕಿಟಕಿ ಹತ್ರ ಬಿಡ್ಬೇಡಿ, ಚಿಕ್ಕ ರೂಮಿಗೆ ತಂದು ಮೂರು ಕಡೆ ಕಂಬಳಿ ಹೊದಿಸಿ ಒಂದು ಕಡೆ ಗಾಳಿಗೆ ಬಿಡಿ, ಬಾಟ್ಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಪಂಜರದ ಹೊರಗೆ ಒಂದೇ ಪಕ್ಕಕ್ಕೆ ಇಡಿ, ಬೇಕಂದ್ರೆ ಹಕ್ಕಿ ಹತ್ರ ಬರತ್ತೆ, ಸೆಕೆ ಆದ್ರೆ ದೂರ ಹೋಗತ್ತೆ.

ಚಳಿಗಿಂತ ನಂಗೆ ಹೆಚ್ಚು ಭಯ ಹೊಗೇದು. ಇದ್ದಿಲು ಗ್ರಿಲ್, ಕ್ಯಾಂಪಿಂಗ್ ಸ್ಟೌ ಮನೆಯೊಳಗೆ ಹಚ್ಚಲೇಬೇಡಿ, ಗ್ಯಾರೇಜಲ್ಲಿ ಜನರೇಟರೂ ಬೇಡ. ಇವುಗಳಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸ್ನೆನೇ ಇಲ್ಲ, ಹಿಂದೆ ಕಲ್ಲಿದ್ದಲು ಗಣಿಗೆ ಕ್ಯಾನರಿ ಹಕ್ಕಿ ಒಯ್ತಿದ್ದಿದ್ದೇ ಅದು ಮನುಷ್ಯರಿಗಿಂತ ಮೊದ್ಲು ಬೀಳತ್ತೆ ಅಂತ. ನಾನ್‌ಸ್ಟಿಕ್ ಪಾತ್ರೆ ಸೀದು ಹೊಗೆ ಬಂದ್ರೂ ಹಕ್ಕಿ ನಿಮಿಷಗಳಲ್ಲಿ ಸಾಯ್ಬಹುದು. ಸೆಂಟೆಡ್ ಕ್ಯಾಂಡಲ್, ಊದಿನಕಡ್ಡಿನೂ ಬೇಡ.

ನವಣೆ ಸ್ವಲ್ಪ ಜಾಸ್ತಿ ಹಾಕಿ, ಕತ್ತಲಲ್ಲಿ ತಿನ್ನಲ್ಲ, ಬ್ಯಾಟರಿ ಲೈಟ್ ಇಡಿ. ಪುಕ್ಕ ಉಬ್ಬಿಸ್ಕೊಂಡು ಪಂಜರದ ತಳದಲ್ಲಿ ಕೂತ್ರೆ ತಡ ಮಾಡ್ದೆ ವೆಟ್‌ಗೆ (ಪ್ರಾಣಿ ಡಾಕ್ಟರಿಗೆ) ಫೋನ್ ಮಾಡಿ. ಯಾರ ಮನೇಲಿ ಕರೆಂಟ್ ಇರತ್ತೋ ಅವ್ರು ಬೇರೆಯವ್ರ ಹಕ್ಕಿ ಇಟ್ಕೊಳ್ಳೋಕೆ ಆಗತ್ತಾ ಅಂತ ಇಲ್ಲಿ ಹೇಳಿ, ಅಡ್ರೆಸ್ ಮಾತ್ರ ಪರ್ಸನಲ್ ಮೆಸೇಜಲ್ಲಿ ಕಳ್ಸಿ.