ಆ ಒಂದು ವಾರದ ಸಿದ್ಧತೆ ಮಕ್ಕಳದೇ ಆಗಿರಲಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಲ್ಲಿ ಯಾರಾದರೂ ಸೇನಾ ಅಕಾಡೆಮಿ ಸೇರುವ ಮಾತೆತ್ತಿದರೆ, ಅಲ್ಲಿರುವ ತಂದೆ ತಾಯಿಗೂ ಊರಿನಲ್ಲಿರುವ ಹಿರಿಯರಿಗೂ ಅದರ ಸ್ವರೂಪ ತಿಳಿದಿರುವುದು ಕಡಿಮೆ. ಹಾಗಾಗಿ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ನಿನಲ್ಲಿರುವ, ಅಮೆರಿಕದ ಕರಾವಳಿ ಕಾವಲು ಪಡೆಗೆ ಅಧಿಕಾರಿಗಳನ್ನು ಸಿದ್ಧಗೊಳಿಸುವ ಕೋಸ್ಟ್ ಗಾರ್ಡ್ ಅಕಾಡೆಮಿಯು 12ನೇ ತರಗತಿಗೆ ಕಾಲಿಡಲಿರುವ ವಿದ್ಯಾರ್ಥಿಗಳಿಗಾಗಿ ಬೇಸಿಗೆಯಲ್ಲಿ ನಡೆಸುವ ‘ಏಮ್’ ಎಂಬ ಒಂದು ವಾರದ ಪರಿಚಯ ಕಾರ್ಯಕ್ರಮದ ಕುರಿತು ಬರೆಯುತ್ತಿದ್ದೇನೆ.

ಇದನ್ನು ಬೇಸಿಗೆ ಶಿಬಿರವೆಂದು ಭಾವಿಸಿ ಮಕ್ಕಳನ್ನು ಕಳುಹಿಸುವುದು ಸರಿಯಲ್ಲ. ಅಕಾಡೆಮಿಗೆ ಆಯ್ಕೆಯಾದವರು ಮೊದಲ ಬೇಸಿಗೆಯಲ್ಲಿ ಏಳು ವಾರ ಪಡೆಯುವ ಕಠಿಣ ತರಬೇತಿಯ ರುಚಿಯನ್ನು ಈ ವಾರದಲ್ಲೇ ತೋರಿಸಲಾಗುತ್ತದೆ. ಆಜ್ಞೆ ಕೊಡುವವರು ಕೆಲವೇ ವರ್ಷ ಹಿರಿಯರಾದ ಕೆಡೆಟ್‌ಗಳು. ನಸುಕಿನಲ್ಲಿ ಏಳುವುದು, ಕವಾಯತು, ತಂಡವಾಗಿ ಮಾಡುವ ಕೆಲಸ, ದೈಹಿಕ ಕ್ಷಮತೆಯ ಪರೀಕ್ಷೆ ಎಲ್ಲವೂ ಇರುತ್ತವೆ. ಒಂದೂವರೆ ಮೈಲಿಯ ಓಟವನ್ನಾಗಲೀ ದಂಡ ಹೊಡೆಯುವುದನ್ನಾಗಲೀ ಕೊನೆಯ ವಾರದಲ್ಲಿ ಕಲಿಯಲಾಗದು. ತಿಂಗಳುಗಳ ಮೊದಲೇ ದಿನವೂ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಆರಂಭವಾಗಬೇಕು, ಓಡುವ ಬೂಟು ಅಷ್ಟರಲ್ಲಿ ಕಾಲಿಗೆ ಹೊಂದಿಕೊಂಡಿರಬೇಕು.

ದೇಹಕ್ಕಿಂತ ಮನಸ್ಸನ್ನು ಸಿದ್ಧಗೊಳಿಸುವುದು ಕಷ್ಟ. ತಪ್ಪಾದಾಗ ಕಾರಣ ವಿವರಿಸುವುದನ್ನೇ ನಾವು ಮಕ್ಕಳಿಗೆ ಕಲಿಸಿರುತ್ತೇವೆ. ಅಲ್ಲಿ ‘ನನ್ನಲ್ಲಿ ನೆಪವಿಲ್ಲ, ಸರ್’ ಎಂಬಷ್ಟೇ ಉತ್ತರವನ್ನು ನಿರೀಕ್ಷಿಸುತ್ತಾರೆ. ಎತ್ತರದ ದನಿಯ ಆಜ್ಞೆಯನ್ನು ಅವಮಾನವೆಂದು ಭಾವಿಸದೆ, ಪಕ್ಕದವನು ಹಿಂದೆ ಬಿದ್ದಾಗ ತನ್ನ ಕೆಲಸ ಮುಗಿಯಿತೆಂದು ಸುಮ್ಮನಿರದೆ ನಡೆದುಕೊಳ್ಳುವ ಸ್ವಭಾವವನ್ನು ಯಾವ ಕೋಚಿಂಗ್ ತರಗತಿಯೂ ತುಂಬಲಾರದು. ಬೆಳಿಗ್ಗೆ ಎಬ್ಬಿಸುವುದರಿಂದ ಹಿಡಿದು ಅರ್ಜಿಯ ಪ್ರಬಂಧ ತಿದ್ದುವವರೆಗೆ ಎಲ್ಲವನ್ನೂ ತಾವೇ ಮಾಡುವ ಪೋಷಕರು (ಅವರ ಪ್ರೀತಿಯಲ್ಲಿ ನನಗೆ ಸಂದೇಹವಿಲ್ಲ) ಮಗುವಿನ ಸಿದ್ಧತೆಯನ್ನೇ ಕಸಿದುಕೊಳ್ಳುತ್ತಿದ್ದಾರೆ.

ಈ ಕಾರ್ಯಕ್ರಮದಲ್ಲಿ ಭಾಗವಹಿಸಿದ ಮಾತ್ರಕ್ಕೆ ಪ್ರವೇಶ ಖಚಿತವಾಗುವುದಿಲ್ಲ. ವೆಸ್ಟ್ ಪಾಯಿಂಟ್‌ನ ಭೂಸೇನಾ ಅಕಾಡೆಮಿ, ಅನಾಪೊಲಿಸ್‌ನ ನೌಕಾ ಅಕಾಡೆಮಿಗಳಿಗೆ ಬೇಕಾಗುವಂತಹ ಸಂಸದರ ನಾಮನಿರ್ದೇಶನ ಇಲ್ಲಿ ಬೇಕಿಲ್ಲವಾದರೂ ಸ್ಪರ್ಧೆ ಬಿಗಿಯಾಗಿಯೇ ಇರುತ್ತದೆ. ಬೋಧನಾ ಶುಲ್ಕವಿಲ್ಲ ಎಂಬುದೊಂದನ್ನೇ ಹಿಡಿದುಕೊಂಡು ಮಕ್ಕಳನ್ನು ಒತ್ತಾಯಿಸುವವರು, ಪದವಿಯ ನಂತರ ಐದು ವರ್ಷ ಅಧಿಕಾರಿಯಾಗಿ ಕಡ್ಡಾಯ ಸೇವೆ ಸಲ್ಲಿಸಬೇಕೆಂಬುದನ್ನೂ ಮನೆಯಲ್ಲಿ ಬಾಯಿಬಿಟ್ಟು ಚರ್ಚಿಸಬೇಕು. ಆ ಮಾತುಕತೆ ವಾರ ಮುಗಿದ ಮೇಲಲ್ಲ, ಹೊರಡುವ ಮೊದಲೇ ನಡೆಯಲಿ.

ವಾರ ಕಳೆದು ಬಂದ ಮಗಳು ‘ಈ ಬದುಕು ನನಗೆ ಒಗ್ಗದು’ ಎಂದರೆ ದಯವಿಟ್ಟು ಅದನ್ನು ಸೋಲೆಂದು ಎಣಿಸಬೇಡಿ. ಬೇರೆ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಕಾಲ ಆ ಬೇಸಿಗೆಯ ನಂತರವೇ ಬರುವುದರಿಂದ, ಅವಳು ಬೇರೆ ದಾರಿ ಆರಿಸಿಕೊಳ್ಳಲು ಸಾಕಷ್ಟು ಸಮಯವಿರುತ್ತದೆ.

ಇಂತಿ,
ಕನೆಕ್ಟಿಕಟ್‌ನಲ್ಲಿ ನೆಲೆಸಿರುವ ಒಬ್ಬ ಓದುಗ