ಬೋನು ಖಾಲಿ ಇದ್ದರೂ ಬರೆಯಿರಿ

ಮಾನ್ಯ ಸಂಪಾದಕರೇ,

ನ್ಯೂಜಿಲೆಂಡ್ ಸರ್ಕಾರ ಕಾಡು ಸೇರಿದ ಬೆಕ್ಕುಗಳನ್ನು ‘ಪ್ರಿಡೇಟರ್ ಫ್ರೀ 2050’ ಯೋಜನೆಯ, ಅಂದರೆ 2050ರೊಳಗೆ ದೇಶದಿಂದ ಇಲ್ಲವಾಗಿಸಬೇಕಾದ ಬೇಟೆಗಾರ ಪ್ರಾಣಿಗಳ, ಪಟ್ಟಿಗೆ ಸೇರಿಸಿದ ಸುದ್ದಿ ನಿಮ್ಮಲ್ಲಿ ಬಂದಿತ್ತು. ಅದನ್ನು ಓದಿ ಸಾಗರದಿಂದ ನಮ್ಮಕ್ಕ ಫೋನ್ ಮಾಡಿ, ‘ನಿಮ್ಮನೆ ಬೆಕ್ಕನ್ನೂ ಹಿಡ್ಕೊಂಡು ಹೋಗ್ತಾರೇನೇ?’ ಎಂದು ಕೇಳಿದಳು. ಇಲ್ಲ, ಸಾಕಿದ ಬೆಕ್ಕು ಈ ಪಟ್ಟಿಯಲ್ಲಿಲ್ಲ. ಆದರೆ ಸಾಕಿದ್ದು ಯಾವುದು, ಕಾಡಿನದು ಯಾವುದು ಅಂತ ಗುರುತಿಸುವುದರಲ್ಲೇ ತಲೆನೋವು ಇರುವುದು.

2016ರಲ್ಲಿ ಈ ಯೋಜನೆ ಘೋಷಣೆಯಾದಾಗ ಗುರಿ ಇಟ್ಟದ್ದು ಇಲಿ, ಮರ ಹತ್ತುವ ಪಾಸಮ್, ಮುಂಗುಸಿಯನ್ನು ಹೋಲುವ ಸ್ಟೋಟ್ ಜಾತಿಯ ಪ್ರಾಣಿಗಳ ಮೇಲೆ. ಎಲ್ಲವೂ ಹೊರಗಿನಿಂದ ಬಂದವು. ಬಾವಲಿ ಬಿಟ್ಟರೆ ಈ ದೇಶಕ್ಕೆ ತನ್ನದೇ ಆದ ನೆಲವಾಸಿ ಸಸ್ತನಿ ಇರಲಿಲ್ಲ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಇವುಗಳಿಂದ ತಪ್ಪಿಸಿಕೊಳ್ಳೋದು ಗೊತ್ತಿಲ್ಲ.

ವೆಲಿಂಗ್ಟನ್‌ನಲ್ಲಿ ಈ ಯೋಜನೆಗಾಗಿ ನಮ್ಮ ಬೀದಿಯವರು ಇಟ್ಟ ಬೋನುಗಳ ಲೆಕ್ಕ ಒಟ್ಟುಮಾಡುವ ಕೆಲಸ ನನ್ನದು. ಹಿತ್ತಲಲ್ಲಿ ಮರದ ಪೆಟ್ಟಿಗೆ, ಅದರೊಳಗೆ ಬೋನು, ಪೀನಟ್ ಬಟರ್ ಹಚ್ಚಿಟ್ಟರೆ ಆಯಿತು. ಸಿಕ್ಕಿದ್ದನ್ನು ಟ್ರ್ಯಾಪ್ ಎನ್‌ಜೆಡ್ ಆ್ಯಪ್‌ನಲ್ಲಿ ಹಾಕಬೇಕು. ಒಬ್ಬರು ವಾಟ್ಸ್ಆ್ಯಪ್‌ನಲ್ಲಿ ಸತ್ತ ಇಲಿಯ ಫೋಟೊ ಕಳಿಸುತ್ತಾರೆ (ಬೆಳಗಿನ ಕಾಫಿ ಹೊತ್ತಿಗೇ ಯಾಕೋ!). ಇನ್ನೊಬ್ಬರು ಫ್ರಿಜ್ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆಯುತ್ತಾರೆ. ಮತ್ತೊಬ್ಬರು ಬೋನನ್ನು ಬೇಲಿಯಿಂದ ಶೆಡ್ ಹಿಂದಕ್ಕೆ ಸರಿಸಿ ಯಾರಿಗೂ ಹೇಳುವುದಿಲ್ಲ.

ಎಲ್ಲಕ್ಕಿಂತ ಕಷ್ಟ ಎಂದರೆ, ಬೋನು ಖಾಲಿ ಇದ್ದ ದಿನ ಯಾರೂ ಏನೂ ಬರೆಯುವುದಿಲ್ಲ. ಹತ್ತು ಇಲಿ ಸಿಕ್ಕವು ಅನ್ನಿ. ಎಷ್ಟು ಬೋನಿಗೆ? ಎಷ್ಟು ರಾತ್ರಿಗೆ? ಓವರ್ ಬರೆಯದೆ ವಿಕೆಟ್ ಮಾತ್ರ ಬರೆದ ಸ್ಕೋರ್‌ಕಾರ್ಡ್ ಅದು. ಇಲಿ ಕಡಿಮೆಯಾಯಿತೋ, ನೋಡುವವರು ಕಡಿಮೆಯಾದರೋ ತಿಳಿಯುವುದೇ ಇಲ್ಲ. ಪಕ್ಕದ ಮಿರಮಾರ್ ಪರ್ಯಾಯದ್ವೀಪದಲ್ಲಿ ನಾರ್ವೆ ಇಲಿ (ದೊಡ್ಡ ಕಂದು ಇಲಿ), ಸ್ಟೋಟ್, ಅದರದೇ ಬಳಗದ ವೀಸಲ್ ಪೂರ್ತಿ ಇಲ್ಲವಾದವು ಎಂದು 2023ರಲ್ಲಿ ಹೇಳಲು ಸಾಧ್ಯವಾಗಿದ್ದೇ, ಏನೂ ಸಿಗದ ದಿನಗಳ ಲೆಕ್ಕವನ್ನೂ ಇಟ್ಟಿದ್ದರಿಂದ.

ಈಗ ಬೆಕ್ಕು ಬಂದಿದೆ. ಮೂರು ಕ್ಯಾಮೆರಾದಲ್ಲಿ ಕಂಡ ಪಟ್ಟೆ ಬೆಕ್ಕು ಒಂದೇನಾ, ಮೂರಾ? ಇಲ್ಲಿನ ನಗರ ಕೌನ್ಸಿಲ್ ಸಾಕುಬೆಕ್ಕಿಗೆ ಗುರುತಿನ ಮೈಕ್ರೋಚಿಪ್ ಕಡ್ಡಾಯ ಮಾಡಿದೆ. ದೇಶಕ್ಕೆಲ್ಲ ಆ ನಿಯಮವಿಲ್ಲ. ಯೋಜನೆಗೆ ದುಡ್ಡು ಹಂಚುತ್ತಿದ್ದ ಸರ್ಕಾರಿ ಕಂಪನಿಯನ್ನು ಮುಚ್ಚುವ ತೀರ್ಮಾನ 2025ರ ಬಜೆಟ್‌ನಲ್ಲಿ ಬಂತು, ಅದರ ಕೆಲಸ ಸಂರಕ್ಷಣಾ ಇಲಾಖೆಗೆ ಹೋಯಿತು. ಪಟ್ಟಿಗೆ ಹೊಸ ಪ್ರಾಣಿ ಸೇರಿಸುವಾಗ ತೋರಿಸಿದ ಉತ್ಸಾಹವನ್ನು, ಕೌನ್ಸಿಲ್, ಮೂಲನಿವಾಸಿ ಮಾವೊರಿ ಸಮುದಾಯ, ನಮ್ಮಂಥ ಬೀದಿ ಗುಂಪುಗಳ ಲೆಕ್ಕವನ್ನೆಲ್ಲ ಒಂದೇ ನಮೂನೆಗೆ ತರುವುದರಲ್ಲೂ ಇಲಾಖೆ ತೋರಿಸಲಿ.

ನಿಮ್ಮ ಪತ್ರಿಕೆಯನ್ನು ಇಲ್ಲಿಂದ ಓದುವ ಕನ್ನಡಿಗರಲ್ಲಿ ಒಂದು ಕೋರಿಕೆ. ಹಿತ್ತಲಲ್ಲಿ ಬೋನು ಇಟ್ಟಿದ್ದರೆ, ಖಾಲಿ ಇದ್ದಾಗಲೂ ‘ಖಾಲಿ’ ಅಂತ ನಮೂದಿಸಿ. ಯಾವ ಜಾತಿಯ ಇಲಿ ಅಂತ ಗೊತ್ತಾಗದಿದ್ದರೆ ಬರೀ ‘ಇಲಿ’ ಅಂತ ಹಾಕಿ, ಸುಮ್ನೆ ಊಹೆ ಮಾಡಬೇಡಿ.

— ಒಬ್ಬ ಓದುಗರು, ವೆಲಿಂಗ್ಟನ್