ಗೋಕುಲ ರಸ್ತೆ ಒಳಬಡಾವಣೆಗಳಿಂದ ಹೊಸೂರು ಚಿಗರಿ ನಿಲ್ದಾಣಕ್ಕೆ ಬಸ್ ಬಿಡುವಂತೆ ಆರನೇ ಮನವಿ

ಇವರಿಗೆ,
ಮಾನ್ಯ ಆಯುಕ್ತರು,
ಮಹಾನಗರ ಪಾಲಿಕೆ,
ಹುಬ್ಬಳ್ಳಿ.

ಇವರಿಂದ,
ಗೋಕುಲ ರಸ್ತೆ ಒಳಭಾಗದ ಬಡಾವಣೆಗಳ ನಿವಾಸಿಗಳು.

ವಿಷಯ: 2020ರಲ್ಲಿ ನಿಂತುಹೋದ ನಮ್ಮ ಬಡಾವಣೆಯ ಬಸ್ಸನ್ನು ಮರಳಿ ಆರಂಭಿಸಿ ಹೊಸೂರಿನ ಚಿಗರಿ (ಹುಬ್ಬಳ್ಳಿ-ಧಾರವಾಡದ ತ್ವರಿತ ಬಸ್ ಸೇವೆ, ಬಿಆರ್‌ಟಿಎಸ್) ನಿಲ್ದಾಣಕ್ಕೆ ಜೋಡಿಸುವ ಬಗ್ಗೆ, ಮತ್ತು ಅದಕ್ಕೆ ಬೇಕಾದ ರಸ್ತೆ ದುರಸ್ತಿಯ ಬಗ್ಗೆ.

ಮಾನ್ಯರೆ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಇದು ನಮ್ಮ ಆರನೇ ಮನವಿ. ಮೊದಲಿನ ಐದರಲ್ಲಿ "ದಯಮಾಡಿ", "ಕೃಪೆಯಿಟ್ಟು" ಎಂದು ಬೇಕಾದಷ್ಟು ಸಲ ಬರೆದಿದ್ದೇವೆ. ಅವೆಲ್ಲ ತಮ್ಮ ಕಡತದಲ್ಲಿ ಇರಬೇಕು. ಈ ಸಲ ನೇರವಾಗಿ ವಿಷಯಕ್ಕೆ ಬರುತ್ತೇವೆ.

ನಮ್ಮ ಬಡಾವಣೆಯಿಂದ ಹೊಸೂರು ಸುಮಾರು ಮೂರು ಕಿಲೋಮೀಟರ್. ಹೊಸೂರು ಮುಟ್ಟಿದವರಿಗೆ ಮುಂದಿನ ಚಿಂತೆ ಇಲ್ಲ. ಚಿಗರಿ ಹತ್ತಿದರೆ ಕಿಮ್ಸ್ ಆಸ್ಪತ್ರೆ, ವಿದ್ಯಾನಗರ, ಉಣಕಲ್, ಭೈರಿದೇವರಕೊಪ್ಪ, ನವನಗರ, ರಾಯಾಪುರ, ಸತ್ತೂರು, ನವಲೂರು ದಾಟಿ ತಾಸಿನೊಳಗೆ ಧಾರವಾಡದ ಜುಬಿಲಿ ಸರ್ಕಲ್ಲಿನಲ್ಲಿ ಇಳಿಯಬಹುದು. ಬಸ್ಸಿಗೆಂದೇ ಬೇರೆ ದಾರಿ ಇದೆ, ನಿಲ್ದಾಣದಲ್ಲೇ ಟಿಕೆಟ್ ಸಿಗುತ್ತದೆ, ಒಳಗೆ ತಣ್ಣಗಿರುತ್ತದೆ. ವಿಶ್ವ ಬ್ಯಾಂಕಿನ ನೆರವು ತಂದು, ನೂರಾರು ಕೋಟಿ ಸುರಿದು, ಎರಡೂ ಊರಿನ ಅಂಗಡಿ, ಮನೆ, ಗಿಡಮರ ತೆರವು ಮಾಡಿ ಕಟ್ಟಿದ 22 ಕಿಲೋಮೀಟರ್ ದಾರಿ ಅದು. ಅದರ ಮೇಲೆ ನಮಗೆ ಸಿಟ್ಟಿಲ್ಲ, ಅಭಿಮಾನವಿದೆ. ಅದನ್ನು ಹತ್ತಲು ಬಿಡಿ ಎಂದೇ ಕೇಳುತ್ತಿದ್ದೇವೆ. 22 ಕಿಲೋಮೀಟರ್ ಸರ್ಕಾರ ದಾಟಿಸುತ್ತದೆ, ಮೊದಲಿನ ಮೂರು ಕಿಲೋಮೀಟರಿಗೆ ದಿಕ್ಕಿಲ್ಲ.

ಮೊದಲು ಹೀಗಿರಲಿಲ್ಲ. ಬೆಳಿಗ್ಗೆ ಎರಡು, ಸಂಜೆ ಎರಡು ಟ್ರಿಪ್ ಬಸ್ಸು ನಮ್ಮ ಬೇವಿನ ಮರದ ಸ್ಟಾಪಿನ ತನಕ ಬರುತ್ತಿತ್ತು. 2020ರ ಫೆಬ್ರುವರಿ 2ರಂದು ಉಪರಾಷ್ಟ್ರಪತಿಗಳು ಬಂದು ಬಿಆರ್‌ಟಿಎಸ್ ಅನ್ನು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಮರುತಿಂಗಳು ಲಾಕ್‌ಡೌನ್ ಆಯಿತು, ನಮ್ಮ ಬಸ್ಸು ನಿಂತಿತು. ಲಾಕ್‌ಡೌನ್ ಮುಗಿಯಿತು, ಶಾಲೆ ತೆರೆದವು, ಜಾತ್ರೆ ನಡೆದವು, ಚುನಾವಣೆಗಳೂ ಆದವು. ಬಸ್ಸು ಮಾತ್ರ ಬರಲಿಲ್ಲ.

ಈಗ ಹಿಂದಿನ ಮನವಿಗಳ ಕಥೆ. ತಾವು ಹೊಸಬರಿರಬಹುದು, ಕಡತ ಕೈಗೆ ಸಿಗದೆ ಇರಬಹುದು. ಅದಕ್ಕಾಗಿ ಪೂರ್ತಿ ಬರೆಯುತ್ತಿದ್ದೇವೆ.

ಮೊದಲನೆಯ ಮನವಿಗೆ ಸಾರಿಗೆಯವರು ಸಿಬ್ಬಂದಿ ಕಡಿಮೆ ಇದ್ದಾರೆ, ಸ್ವಲ್ಪ ತಡೀರಿ ಎಂದರು. ರೋಗದ ಕಾಲ, ನಮಗೂ ಅರ್ಥವಾಯಿತು, ತಡೆದೆವು. ಶಾಲೆ ಕಾಲೇಜು ಪೂರ್ತಿ ಶುರುವಾದ ಮೇಲೆ ಎರಡನೆಯದನ್ನು ಕೊಟ್ಟೆವು. ಆಗ ಬಂದ ಉತ್ತರ ಬೇರೆ: "ನಿಮ್ಮ ರಸ್ತಾ ಸರಿ ಇಲ್ರಿ. ನಾಲಾದ ಹತ್ರ ತಿರುವಿನ್ಯಾಗ ಬಸ್ಸು ಹೊಳ್ಳಂಗಿಲ್ಲ. ರಸ್ತಾ ಮಾಡಿಸ್ಕೊಂಡು ಬರ್ರಿ." ಸರಿ ಎಂದು ಮೂರನೆಯದನ್ನು ಹಿಡಿದುಕೊಂಡು ತಮ್ಮ ಕಚೇರಿಗೆ ಬಂದೆವು. ಇಲ್ಲಿ ಹೇಳಿದ್ದು: "ಅದು ಬಸ್ ಓಡೋ ರಸ್ತಾ ಅಲ್ಲಲ್ರಿ. ಬಸ್ ಮಾರ್ಗ ಇದ್ದಲ್ಲಿ ಮೊದಲ ಮಾಡತೇವಿ." ಮಾನ್ಯರೆ, ಇದನ್ನು ದಯವಿಟ್ಟು ಎರಡು ಸಲ ಓದಿ. ರಸ್ತೆ ಇಲ್ಲ, ಅದಕ್ಕೆ ಬಸ್ಸಿಲ್ಲ. ಬಸ್ಸಿಲ್ಲ, ಅದಕ್ಕೆ ರಸ್ತೆ ಇಲ್ಲ. ಈ ಎರಡು ಮಾತಿನ ನಡುವೆ ನಮ್ಮನ್ನು ನಾಲ್ಕು ವರ್ಷ ಅಲೆದಾಡಿಸಿದ್ದೀರಿ. ಎರಡೂ ಕಡೆಯ ಅಧಿಕಾರಿಗಳು ಇದೇ ಊರಿನಲ್ಲಿ ಕೂರುತ್ತೀರಿ. ಒಂದು ಫೋನ್ ಮಾಡಿ ಮಾತಾಡಿಕೊಳ್ಳಲು ಏನು ಅಡ್ಡಿ ಇತ್ತು?

ನಾಲ್ಕನೆಯದನ್ನು ಜನಸಂಪರ್ಕ ಸಭೆಯಲ್ಲಿ ಕೊಟ್ಟೆವು. ಬೆಳಿಗ್ಗೆ ಒಂಬತ್ತಕ್ಕೆ ಟೋಕನ್ ತೆಗೆದುಕೊಂಡು ಮಧ್ಯಾಹ್ನ ಎರಡರವರೆಗೆ ಕುಳಿತಿದ್ದೆವು. ವೇದಿಕೆಯಿಂದಲೇ "15 ದಿನದಾಗ ಮಾಡಿಕೊಡ್ರಿ" ಎಂದು ಆದೇಶವಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಒಪ್ಪಿಕೊಳ್ಳಬೇಕು, ಮರುವಾರ ಒಬ್ಬ ಯುವ ಎಂಜಿನಿಯರ್ ಬಂದರು. ಬಿಸಿಲಿನಲ್ಲಿ ನಿಂತು ಟೇಪು ಹಿಡಿದು ತಿರುವು ಅಳೆದರು, ನಾಲಾದ ಕಟ್ಟೆಯ ಮೇಲೆ ಕೆಂಪು ಬಣ್ಣದಲ್ಲಿ ಎರಡು ಗೆರೆ, ಒಂದು ಬಾಣ ಬರೆದರು. "ಈ ಮೂಲಿ ಒಂದು ನಾಲ್ಕು ಫೂಟು ಒಡದ್ರ ಬಸ್ಸು ಆರಾಮ ಹೊಳ್ಳತೈತ್ರಿ" ಎಂದು ಹೇಳಿ, ಕೊಟ್ಟ ಮಜ್ಜಿಗೆ ಕುಡಿದು ಹೋದರು. ಅವರಿಗೆ ವರ್ಗವಾಯಿತಂತೆ. ಆ ಬಾಣ ಮೂರು ಮಳೆಗಾಲ ಕಂಡು ಈಗ ತಿಳಿ ಗುಲಾಬಿಯಾಗಿದೆ. ಮೂಲೆ ಹಾಗೇ ಇದೆ.

ಅದಾದ ಮೇಲೆ ನೀರಿನ ಪೈಪಿಗೆಂದು ಇದ್ದ ರಸ್ತೆಯನ್ನೂ ಅಗೆದರು. ಮುಚ್ಚುವಾಗ ಮಣ್ಣು ಎಳೆದು ಹೋದರು, ಡಾಂಬರು ಕಾಣಲಿಲ್ಲ. ಐದನೇ ಮನವಿ ಕೊಡಲು ಹೋದಾಗ ಹಳೆಯ ಕಡತ ಸಿಗುತ್ತಿಲ್ಲ, "ನಿಮ್ಮ ಕಡೆ ಜೆರಾಕ್ಸ್ ಇದ್ರ ಕೊಡ್ರಿ" ಎಂದರು. ಕೊಟ್ಟೆವು. "ಪರಿಶೀಲನೆಯಲ್ಲಿದೆ" ಎಂಬ ಹಿಂಬರಹ ಬಂತು. ಎರಡು ತಿಂಗಳ ಬಳಿಕ ಮತ್ತೆ ಕೇಳಿದರೆ ಅದೇ ಹಿಂಬರಹ, ಅವೇ ಎರಡು ಸಾಲು, ತಾರೀಖು ಮಾತ್ರ ಬೇರೆ. ಆನ್‌ಲೈನಿನಲ್ಲಿ ಹಾಕಿದ ದೂರಿಗೆ "ತಮ್ಮ ದೂರನ್ನು ಇತ್ಯರ್ಥಪಡಿಸಲಾಗಿದೆ" ಎಂದು ಸಂದೇಶ ಬಂತು. ಅದು ಬಂದಾಗ ದೂರು ಕೊಟ್ಟ ಹುಡುಗಿ ಅದೇ ಬೇವಿನ ಮರದ ಕೆಳಗೆ ಟಂಟಂ (ಹಲವರು ಕೂಡಿ ಹೋಗುವ ಆಟೊ) ಕಾಯುತ್ತ ನಿಂತಿದ್ದಳು. ಯಾರು ಇತ್ಯರ್ಥ ಮಾಡಿದರು? ಏನನ್ನು? ಸ್ಥಳಕ್ಕೆ ಬಂದು ನೋಡದೆ ಹೀಗೆ ಬರೆಯುವುದು ಸುಳ್ಳು. ಆ ಮಾತನ್ನು ಮೆತ್ತಗೆ ಹೇಳಲು ನಮಗೆ ಬರುತ್ತಿಲ್ಲ.

ಇದರಿಂದ ಜನರಿಗೆ ಏನಾಗಿದೆ ಎಂಬುದು ಕಡತದಲ್ಲಿ ಕಾಣುವುದಿಲ್ಲ. ನಮ್ಮ ಓಣಿಯಿಂದ ವಿದ್ಯಾನಗರಕ್ಕೆ ಮನೆಗೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಹೊಸೂರಿನ ತನಕ ಟಂಟಂಗೆ 20 ರೂಪಾಯಿ, ಬರಲು 20 ರೂಪಾಯಿ ಕೊಡುತ್ತಾರೆ. ತಿಂಗಳಿಗೆ 26 ದಿನ ಹಿಡಿದರೆ 1,040 ರೂಪಾಯಿ. ಅದು ಒಂದು ಮನೆಯ ಪಾತ್ರೆ ತಿಕ್ಕಿದ ಇಡೀ ಸಂಬಳ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಪುಕ್ಕಟೆ. ಟಿಕೆಟ್ ಪುಕ್ಕಟೆಯಾದರೆ ಸಾಲದು, ಹತ್ತಲು ಬಸ್ಸು ಬೇಕು. "ಅಕ್ಕಾರ, ಎಲ್ಲಾರೂ ಪುಕ್ಕಟೆ ಓಡಾಡತಾರ, ನಾವ ಏನ್ ಪಾಪ ಮಾಡೇವಿ?" ಎಂದು ಅವರಲ್ಲೊಬ್ಬಳು ಈ ಪತ್ರ ಬರೆಯುತ್ತಿರುವ ನನ್ನನ್ನು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ತಮ್ಮ ಹತ್ತಿರ ಇದ್ದರೆ ತಿಳಿಸಿ.

ಕಿಮ್ಸ್‌ಗೆ ವಾರಕ್ಕೆರಡು ಸಲ ಹೋಗಬೇಕಾದ ಅಜ್ಜ ಒಬ್ಬರಿದ್ದಾರೆ. ಆಟೋದವರು ಮೀಟರ್ ಹಾಕುವುದಿಲ್ಲ, ಬಾಯಿಗೆ ಬಂದದ್ದು ಕೇಳುತ್ತಾರೆ. ಧಾರವಾಡಕ್ಕೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ, ಕೋರ್ಟಿಗೆ ಹೋಗುವವರಿದ್ದಾರೆ. ಇವರೆಲ್ಲ ಕಡೆಗೆ ಏನು ಮಾಡಿದರು? ಸಾಲ ಮಾಡಿ ಗಾಡಿ ಕೊಂಡರು. ಮನೆಗೊಂದು ಇದ್ದ ಗಾಡಿ ಈಗ ಆಳಿಗೊಂದಾಗಿದೆ. ಗೇಟಿನ ಒಳಗೆ ಹಿಡಿಸದೆ ಓಣಿಯ ಎರಡೂ ಬದಿ ನಿಂತಿವೆ, ಕಸದ ಗಾಡಿಗೂ ದಾರಿ ಇಲ್ಲ. ಆ ಗಾಡಿಗಳೆಲ್ಲ ಬೆಳಿಗ್ಗೆ ಎಂಟೂವರೆಗೆ ಒಟ್ಟಿಗೆ ಗೋಕುಲ ರಸ್ತೆಗೆ ಇಳಿಯುತ್ತವೆ. ಆಮೇಲೆ "ಟ್ರಾಫಿಕ್ ಭಾಳ ಆಗೇತಿ, ರಸ್ತೆ ಅಗಲ ಮಾಡಬೇಕು" ಎಂದು ತಾವೇ ಸಭೆ ಕರೆಯುತ್ತೀರಿ. ಆ ಟ್ರಾಫಿಕ್ಕು ಆಕಾಶದಿಂದ ಬಿದ್ದದ್ದಲ್ಲ. ಬರದೇ ಹೋದ ಬಸ್ಸಿನ ಜನರೇ ಅದು.

ಈ ಮನವಿ ಬರೆಯುತ್ತಿರುವ ನಾನು ಶಾಲೆಯಲ್ಲಿ ಕಲಿಸಿ ನಿವೃತ್ತಳಾದವಳು. ಕಳೆದ ಆಷಾಢದಲ್ಲಿ ಧಾರವಾಡದಲ್ಲಿ ಕೆಲಸವಿತ್ತು. ಅಣ್ಣನ ಮಗ ಕಾರಿನಲ್ಲಿ ಹೊರಟ, "ಬಾ ಅತ್ತಿ" ಎಂದ. ನಾನು ಬಸ್ಸಿಗೇ ಬರುತ್ತೇನೆ ಎಂದೆ. ಸ್ಟಾಪಿನಲ್ಲಿ ಮುಕ್ಕಾಲು ತಾಸು ನಿಂತೆ. ಬೆಂಚಿಲ್ಲ, ಸೂರಿಲ್ಲ, ತುಕ್ಕು ಹಿಡಿದ ಒಂದು ಕಂಬ, ಅದರ ಬೋರ್ಡಿನಲ್ಲಿ "ನಗರ ಸಾ" ಎಂಬ ಅಕ್ಷರ ಮಾತ್ರ ಉಳಿದಿವೆ. ಜಿಟಿಜಿಟಿ ಮಳೆ. ಕಡೆಗೆ ಒಂದು ಟಂಟಂನಲ್ಲಿ ಡ್ರೈವರನ ಬದಿಗೆ ಅರ್ಧ ಸೀಟಿನ ಮೇಲೆ ಕುಳಿತು ಹೊಸೂರು ಮುಟ್ಟಿದೆ. ಅಲ್ಲಿ ಐದೇ ನಿಮಿಷಕ್ಕೆ ಚಿಗರಿ ಬಂತು, ಉಣಕಲ್ ಕೆರೆ ನೋಡುತ್ತ ಆರಾಮಾಗಿ ಹೋದೆ. ನಾನು ಜುಬಿಲಿ ಸರ್ಕಲ್ಲಿನಲ್ಲಿ ಇಳಿದಾಗ ಅವನು ಇನ್ನೂ ಕಾರು ನಿಲ್ಲಿಸಲು ಜಾಗ ಹುಡುಕುತ್ತ ಮಾರುಕಟ್ಟೆ ಸುತ್ತುತ್ತಿದ್ದ. ಮನೆಯ ಮುಂದಿನ ಆ ಮುಕ್ಕಾಲು ತಾಸು ಉಳಿದಿದ್ದರೆ ಅವನಿಗಿಂತ ಎಷ್ಟೋ ಮೊದಲು ನಾನು ಮುಟ್ಟಿರುತ್ತಿದ್ದೆ. ನಮ್ಮ ಬೇಡಿಕೆ ಇರುವುದು ಆ ಮುಕ್ಕಾಲು ತಾಸಿನ ಬಗ್ಗೆ.

ನನ್ನ ಮಗ ಬೆಂಗಳೂರಿನಲ್ಲಿದ್ದಾನೆ. 2022ರಲ್ಲಿ ಆ ಊರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 29 ನಿಮಿಷ ಬೇಕಾಯಿತೆಂದು ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯ ಲೆಕ್ಕ ಹೇಳಿತ್ತು. ಅವನ ಹತ್ತಿರ ಕಾರಿದೆ. 2023ರ ಅಕ್ಟೋಬರಿನಲ್ಲಿ ಮೆಟ್ರೊದ ನೇರಳೆ ಮಾರ್ಗ ವೈಟ್‌ಫೀಲ್ಡ್‌ವರೆಗೆ ಪೂರ್ತಿಯಾದ ಮೇಲೆ ಆ ಕಾರು ವಾರದಲ್ಲಿ ಐದು ದಿನ ಮನೆಯಲ್ಲೇ ನಿಲ್ಲುತ್ತದೆ. ಯಾಕೆಂದು ಕೇಳಿದರೆ, ಮನೆಯ ಹತ್ತಿರದಿಂದ ಮೆಟ್ರೊ ನಿಲ್ದಾಣಕ್ಕೆ ಫೀಡರ್ ಬಸ್ಸಿದೆ ಎಂದ. ಕಾರು ಇದ್ದವರೂ ಹೀಗೆ ಬಸ್ಸಿಗೆ ಬರುತ್ತಾರೆ, ಆದರೆ ಬಾಗಿಲ ಹತ್ತಿರ ಬಸ್ಸು ಬರಬೇಕು. ಬೆಂಗಳೂರಿನಷ್ಟು ಕೆಟ್ಟ ಮೇಲೆ ಎಚ್ಚರಾಗಬೇಕೆಂದು ಹುಬ್ಬಳ್ಳಿಗೆ ಯಾರೂ ಶಾಪ ಕೊಟ್ಟಿಲ್ಲ. ವಾಹನಗಳನ್ನು ಸಾಗಿಸುವುದಲ್ಲ, ಜನರನ್ನು ಸಾಗಿಸುವುದು ಮುಖ್ಯ ಎಂದು ಕೇಂದ್ರದ 2006ರ ನಗರ ಸಾರಿಗೆ ನೀತಿಯೇ ಹೇಳುತ್ತದೆ. ಚನ್ನಮ್ಮ ವೃತ್ತದ ಮೇಲ್ಸೇತುವೆ ಆಗಲಿ, ಬೇಡ ಎನ್ನುವುದಿಲ್ಲ. ಆದರೆ ಗಾಡಿ ಇದ್ದವರಿಗೆ ಸೇತುವೆ ಕಟ್ಟಲು ಹಣ ಸಿಗುವ ಊರಿನಲ್ಲಿ, ಗಾಡಿ ಇಲ್ಲದವರಿಗೆ ನಾಲ್ಕು ಫೂಟು ಮೂಲೆ ಒಡೆಯಲು ಸಿಗುವುದಿಲ್ಲವೆಂದರೆ ಹೇಗೆ ನಂಬುವುದು? ಹುಬ್ಬಳ್ಳಿ ರೈಲು ನಿಲ್ದಾಣದಲ್ಲಿ 1,507 ಮೀಟರಿನ ಪ್ಲಾಟ್‌ಫಾರ್ಮ್ ಇದೆ, ಜಗತ್ತಿಗೇ ಉದ್ದದ್ದು. ನಮ್ಮ ಸ್ಟಾಪಿನಲ್ಲಿ ಒಬ್ಬ ಮುದುಕಿ ಕೂರಲು ಒಂದು ಕಲ್ಲಿಲ್ಲ.

ಹೇಳುತ್ತ ಹೋದರೆ ಇನ್ನೂ ಇವೆ, ಬಿಟ್ಟರೆ ಮತ್ತೆ ಏಳನೇ ಮನವಿ ಬರೆಯಬೇಕಾಗುತ್ತದೆ, ಆದ್ದರಿಂದ ಇಲ್ಲಿಯೇ ಬರೆಯುತ್ತೇವೆ. ಸ್ಟಾಪಿನಿಂದ ಒಳಗೆ ಬರುವ ದಾರಿಯ ಬೀದಿದೀಪ ಗಣೇಶ ಚತುರ್ಥಿಗೆ ಮೊದಲು ಕೆಟ್ಟವು, ದೀಪಾವಳಿಯೂ ಕತ್ತಲಲ್ಲಿ ಹೋಯಿತು. ನಾಲಾದ ಮೇಲಿನ ಒಂದು ಚಪ್ಪಡಿ ಒಡೆದು ಕುಸಿದಿದೆ, ನಾವೇ ಅದರಲ್ಲಿ ಮುಳ್ಳಿನ ಟೊಂಗೆ ನಿಲ್ಲಿಸಿ ಕೆಂಪು ಅರಿವೆ ಕಟ್ಟಿದ್ದೇವೆ. ಗೋಕುಲ ರಸ್ತೆಯ ಫುಟ್‌ಪಾತಿನ ಮೇಲೆ ಕಾರು ನಿಲ್ಲಿಸುತ್ತಾರೆ, ಶಾಲೆಯ ಮಕ್ಕಳು ಬಸ್ಸು ಲಾರಿಗಳ ನಡುವೆ ರಸ್ತೆಗಿಳಿದು ನಡೆಯುತ್ತಾರೆ. ರಾತ್ರಿ ಎಂಟರ ಮೇಲೆ ನಾಯಿಗಳ ಕಾಟ. ಅಗೆದುಬಿಟ್ಟ ಮಣ್ಣಿನ ಧೂಳಿಗೆ ಒಂದು ಮನೆಯಲ್ಲಾದರೂ ಕೆಮ್ಮು ತಪ್ಪಿಲ್ಲ. ತೆರಿಗೆ ಮಾತ್ರ ಪ್ರತಿ ವರ್ಷ ತಪ್ಪದೆ ಕಟ್ಟುತ್ತಿದ್ದೇವೆ, ಅದರ ರಸೀದಿಗಳೂ ಇವೆ.

ನಮಗೆ ಬೇಕಾದದ್ದು ದೊಡ್ಡದೇನಲ್ಲ. ನಾಲಾದ ಮೂಲೆಯನ್ನು ಎಂಜಿನಿಯರ್ ಗುರುತು ಮಾಡಿದಂತೆ ಒಡೆದು, ಅಗೆದ ರಸ್ತೆಗೆ ಡಾಂಬರು ಹಾಕಿಸಿ. ಅದು ಮುಗಿಯುವ ತನಕ ಕಾಯದೆ ಒಂದು ಮಿನಿ ಬಸ್ಸನ್ನಾದರೂ ಈಗಲೇ ಬಿಡಿಸಿ. ಶಾಲೆಗೆ ವ್ಯಾನು ಬರುತ್ತದೆ, ನೀರಿನ ಟ್ಯಾಂಕರ್ ಬರುತ್ತದೆ, ಮಿನಿ ಬಸ್ಸು ಬರಲಾರದೇ? ಬೆಳಿಗ್ಗೆ ಏಳರಿಂದ ಹತ್ತರವರೆಗೆ, ಸಂಜೆ ನಾಲ್ಕೂವರೆಯಿಂದ ಎಂಟರವರೆಗೆ ಅರ್ಧ ತಾಸಿಗೊಂದು, ರಾತ್ರಿ ಒಂಬತ್ತಕ್ಕೆ ಹೊಸೂರಿನಿಂದ ಕಡೆಯ ಟ್ರಿಪ್. ಆ ಒಂಬತ್ತರ ಟ್ರಿಪ್ಪನ್ನು "ಪ್ರಯಾಣಿಕರಿಲ್ಲ" ಎಂದು ಮೊದಲ ವಾರಕ್ಕೇ ತೆಗೆಯಬಾರದು. ಬಸ್ಸು ದಿನಾ ಬರುತ್ತದೆಂಬ ನಂಬಿಕೆ ಹುಟ್ಟಿದ ಮೇಲೆಯೇ ಜನ ಗಾಡಿ ಬಿಟ್ಟು ಬರುತ್ತಾರೆ, ಕನಿಷ್ಠ ಆರು ತಿಂಗಳು ಓಡಿಸಿ ನೋಡಿ. ಸ್ಟಾಪಿಗೆ ಸೂರು, ಎರಡು ಕಲ್ಲಿನ ಬೆಂಚು, ವೇಳಾಪಟ್ಟಿ, ದೀಪ ಹಾಕಿಸಿ. ಬೇವಿನ ಮರ ಕಡಿಯಬೇಡಿ.

ಇದನ್ನೆಲ್ಲ ನಿರ್ಧರಿಸಲು ತಾವು ಮತ್ತು ಸಾರಿಗೆಯ ಹಿರಿಯ ಅಧಿಕಾರಿಗಳು ಒಂದೇ ದಿನ, ಒಂದೇ ಹೊತ್ತಿಗೆ ನಮ್ಮ ಸ್ಟಾಪಿಗೆ ಬರಬೇಕು. ಬೇರೆ ಬೇರೆ ದಿನ ಬೇಡ, ಅದರ ಫಲ ನೋಡಿದ್ದೇವೆ. ಬೆಳಿಗ್ಗೆ ಎಂಟಕ್ಕೆ ಬನ್ನಿ, ಯಾರು ಹೇಗೆ ನಿಂತಿರುತ್ತಾರೆ ಎಂಬುದು ಆಗ ಕಾಣುತ್ತದೆ. ದಿನಾಂಕವನ್ನು 15 ದಿನದೊಳಗೆ ಲಿಖಿತವಾಗಿ ತಿಳಿಸಿ, ಹೊಣೆ ಹೊತ್ತ ಅಧಿಕಾರಿಯ ಹೆಸರು ಮತ್ತು ಹುದ್ದೆ ಅದರಲ್ಲಿರಲಿ. "ಪರಿಶೀಲನೆಯಲ್ಲಿದೆ" ಎಂಬ ಹಿಂಬರಹ ಮತ್ತೆ ಬಂದರೆ ಅದನ್ನು ವಾಪಸ್ ಕೊಡಲು ಈ ಪತ್ರಕ್ಕೆ ಸಹಿ ಹಾಕಿದ ಎಲ್ಲರೂ ತಮ್ಮ ಕಚೇರಿಗೆ ಬರುತ್ತೇವೆ. ಬಸ್ಸಿಲ್ಲದ್ದರಿಂದ ನಡೆದೇ ಬರುತ್ತೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ಗೋಕುಲ ರಸ್ತೆ ಒಳಬಡಾವಣೆಗಳ ನಿವಾಸಿಗಳು
(ಸಹಿಗಳು ಹಿಂದಿನ ಪುಟಗಳಲ್ಲಿವೆ)

ಲಗತ್ತು: ಹಿಂದಿನ ಐದು ಮನವಿಗಳು, ಅವುಗಳ ಸ್ವೀಕೃತಿ, ಎರಡು ಹಿಂಬರಹ, ನಾಲಾದ ಮೂಲೆಯ ಫೋಟೊ. ಎಲ್ಲವೂ ಜೆರಾಕ್ಸ್. ಮೂಲ ಪ್ರತಿಗಳನ್ನು ಈ ಸಲ ಕೊಡುವುದಿಲ್ಲ.